ಠಾಣೇದಾರನ ಕೊಳಗ

ಹಾಲುಕುಂಟೆಯಿಂದ ನೆಲಗುಮ್ಮಿಗೆ ಹೋಗುವ ಬಂಡಿದಾರಿ ಈಗ ಡಾಂಬರು ಕಂಡಿದೆ. ಅರ್ಧ ದಾರಿ ಸವೆದ ಮೇಲೆ ಎಡಗಡೆಗೆ ಒಂದು ಬೋಳುಗುಡ್ಡ ಸಿಗುತ್ತದೆ. ಮೇಲೆ ಗುಡಿಯಿಲ್ಲ, ನೆರಳಿಗೊಂದು ಮರವೂ ಇಲ್ಲ. ನೆತ್ತಿಯ ಹಾಸುಬಂಡೆಯಲ್ಲಿ ದುಂಡಗೆ ಕಡೆದ ಒಂದು ಗುಳಿಯಿದೆ, ಅಷ್ಟೇ. ಬಸ್ಸಿನ ಕಂಡಕ್ಟರ್ ಕೂಡ "ಠಾಣೇದಾರನ ಕೊಳಗ ಯಾರ್ರೀ, ಇಳೀರಿ" ಎಂದೇ ಕೂಗುತ್ತಾನೆ. ಆ ಠಾಣೇದಾರ ಯಾರೆಂದು ಕುರಿ ಕಾಯುವವರನ್ನು ಕೇಳಿದರೆ ಮೊದಲು ಪಕ್ಕಕ್ಕೆ ಉಗುಳಿ ಆಮೇಲೆ ಉತ್ತರ ಕೊಡುತ್ತಾರೆ. ಹಾಗೆ ಉಗುಳಿಸಿಕೊಳ್ಳುವವನ ಹೆಸರನ್ನು ಐದೂರಿನ ಜನ ತಮ್ಮ ಗುಡ್ಡಕ್ಕೆ ಯಾಕೆ ಇಟ್ಟುಕೊಂಡರು ಎಂಬುದನ್ನು ಮಾತ್ರ ಯಾರೂ ತಾವಾಗಿ ಹೇಳುವುದಿಲ್ಲ. ಬೀಡಿ ಹಂಚಿಕೊಂಡು ಕೂತು ಕೇಳಬೇಕು.

ಹಿಂದೆ ಒಮ್ಮೆ ಈ ಐದೂರು ಸೀಮೆಯನ್ನು ಕಡಲಾಚೆಯಿಂದ ಬಂದ ಬಿಳಿ ಪೇಟದವರು ಆಳುತ್ತಿದ್ದರು ಎನ್ನುತ್ತಾರೆ. ಅವರ ಠಾಣೇದಾರ ಹಾಲುಕುಂಟೆಯಲ್ಲಿ ಬೀಡು ಬಿಟ್ಟಿದ್ದ. ಅವನ ಕತ್ತಿಗಿಂತ ಜನ ಹೆಚ್ಚು ಹೆದರುತ್ತಿದ್ದುದು ಅವನ ಕೊಳಗಕ್ಕೆ. ಕಾಳು ಅಳೆಯುವ ಮರದ ಪಾತ್ರೆ ಅದು. ಹಿತ್ತಾಳೆಯ ಕಟ್ಟು ಹಾಕಿಸಿದ್ದ, ಒಡಲು ಮಾತ್ರ ಮೊದಲಿನ ಕೊಳಗಗಳಿಗಿಂತ ದೊಡ್ಡದು. ಊರೂರಿನ ಹಳೆಯ ಕೊಳಗಗಳನ್ನು ರಾಶಿ ಹಾಕಿ ಸುಡಿಸಿಬಿಟ್ಟಿದ್ದ. ಕಂದಾಯವಿರಲಿ, ಸಂತೆಯ ವ್ಯಾಪಾರವಿರಲಿ, ಬೀಜದ ಕೈಗಡವಿರಲಿ, ಎಲ್ಲವೂ ಅದರಲ್ಲೇ ನಡೆಯಬೇಕು. ಕಣದಲ್ಲಿ ಅದನ್ನು ತುಂಬುವ ಕೆಲಸ ಹೆಂಗಸರದು. ಠಾಣೇದಾರರು ಬದಲಾದರೂ ಕೊಳಗ ಬದಲಾಗಲಿಲ್ಲ; ಅಜ್ಜಿಯ ಕಾಲದಿಂದ ಮೊಮ್ಮಗಳ ಕಾಲದವರೆಗೂ ತೋಳು ಬೀಳುವಷ್ಟು ತುಂಬಿದರು. ಕೊನೆಗೆ ಹಾಲುಕುಂಟೆಯ ಪಾಲಯ್ಯನೆಂಬ ಒಕ್ಕಲಿಗ ಐದೂ ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಒಬ್ಬೊಬ್ಬರ ಕೈಹಿಡಿದು, ಆ ಸುಗ್ಗಿಗೆ ಯಾರೂ ಕಾಳು ಅಳೆಯದಂತೆ ಮಾಡಿದ. ಆಗಿನ ಠಾಣೇದಾರ ಕಣಕ್ಕೆ ಬಂದು ನೋಡಿದರೆ ಜನ ಸುಮ್ಮನೆ ಕೂತಿದ್ದಾರೆ, ಕೊಳಗ ಬರಿದಾಗಿದೆ. ಅವನ ದೊರೆಗಳು ಆಗ ಬೇರೆಲ್ಲೋ ಯುದ್ಧದಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ, ದಂಡು ಬರಲಿಲ್ಲ. ಅವನು ಪಲ್ಲಕ್ಕಿ ಹತ್ತಿ ಹೋದ. ಪಾಲಯ್ಯ ಆ ಕೊಳಗವನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸಿ, "ಇವತ್ತಿಂದ ನಮ್ಮ ಕಾಳು, ನಮ್ಮ ಕೊಳಗ!" ಎಂದು ಕೂಗಿದ. ನೆಲಗುಮ್ಮಿಯ ಯಜಮಾನ ಕಾಟಪ್ಪ ಅಲ್ಲೇ ಅವನನ್ನು ತಬ್ಬಿಕೊಂಡು ಅವನ ಮಗಳು ಬೋರಕ್ಕನನ್ನು ಸೊಸೆ ಮಾಡಿಕೊಂಡ.

ನಮ್ಮ ಕೊಳಗ ಎಂದೇನೋ ಆಯಿತು. ಅದು ಎಷ್ಟು ದೊಡ್ಡದು? ಹಳೆಯವೆಲ್ಲ ಸುಟ್ಟು ಬೂದಿಯಾಗಿದ್ದವು. ಪ್ರತಿಯೊಂದು ಊರೂ ತನ್ನದೊಂದು ಕಡೆಸಿ, ಇದೇ ನಮ್ಮ ಮುತ್ತಾತನ ಅಳತೆ ಎಂದು ಆಣೆಯಿಟ್ಟಿತು. ಕೊಡುವಾಗ ನಿಮ್ಮದು ಸಣ್ಣದು, ಕೊಳ್ಳುವಾಗ ದೊಡ್ಡದು ಎಂದು ಸಂತೆಯಲ್ಲಿ ಮಾತಿಗೆ ಮಾತು ಬೆಳೆಯಿತು. ತೀರ್ಪು ಹೇಳೆಂದು ಐದೂರಿನವರೂ ಪಾಲಯ್ಯನ ಬಳಿಗೇ ಬಂದರು. ಅವನೊಬ್ಬನ ಮಾತನ್ನು ಎಲ್ಲರೂ ಕೇಳುತ್ತಿದ್ದ ಹೊತ್ತು ಅದು. ಅವನು ತನ್ನೂರಿನವರ ಮುಖ ನೋಡಿದ. "ಹಾಲುಕುಂಟೆಯದೇ ಸರಿ" ಎಂದುಬಿಟ್ಟ. ಆ ವಾರವೇ ಸಂತೆಯಲ್ಲಿ ಬಡಿಗೆ ಎದ್ದಿತು, ಕಾಟಪ್ಪನ ತಮ್ಮ ಹೆಣವಾದ. ಊರೂರಿನ ನಡುವೆ ದಾರಿಗೆ ಮುಳ್ಳು ಬಿತ್ತು. ಹೆಣ್ಣುಮಕ್ಕಳು ತವರಿಗೆ ಬರುವುದೂ ನಿಂತಿತು.

ಒಂದು ವರ್ಷ ನೆಲಗುಮ್ಮಿಯ ಕಣಜಗಳಿಗೆ ನೀರು ನುಗ್ಗಿ ಬಿತ್ತನೆಯ ರಾಗಿಯೆಲ್ಲ ಮುಗ್ಗಿಹೋಯಿತು. ಮಳೆ ಕೂಡಿಬಂದಿತ್ತು, ಹೊಲ ಹದವಾಗಿತ್ತು, ಬೀಜವಿಲ್ಲ. ಬೋರಕ್ಕ ಮುಳ್ಳು ದಾಟಿ, ಖಾಲಿ ಚೀಲ ಹಿಡಿದು ಅಪ್ಪನ ಬಾಗಿಲಿಗೆ ಬಂದಳು. ಬೀಜ ಕೊಡಲು ಹಾಲುಕುಂಟೆಗೆ ಮನಸ್ಸಿತ್ತು. ಸುಗ್ಗಿಯಲ್ಲಿ ಹಿಂದಕ್ಕೆ ಅಳೆದುಕೊಡುವುದು ಯಾರ ಕೊಳಗದಲ್ಲಿ ಎಂಬಲ್ಲಿ ಎರಡೂ ಊರು ಪಟ್ಟು ಹಿಡಿದು ಕೂತವು. ಇತ್ತ ಹದ ಆರುತ್ತಿತ್ತು. ಜಗಲಿಯ ಮೇಲೆ ಕೂತು ಕೂತು ಸಾಕಾಗಿ ಬೋರಕ್ಕ ಎದ್ದಳು. "ಅಪ್ಪಯ್ಯ, ಆ ಪೇಟದೋನು ಇದ್ದಾಗ ಸುಲಿದ ನಿಜ. ಬೀಜ ಮಾತ್ರ ಊರಿಂದೂರಿಗೆ ಹೋಗ್ತಿತ್ತು" ಎಂದಳು. ಮಗಳ ಬಾಯಲ್ಲಿ ಆ ಮಾತು ಕೇಳಿ ಪಾಲಯ್ಯ ಕೊಳಗ ಒಡೆದ ಕೈಗಳನ್ನು ಕಂಬಳಿಯೊಳಗೆ ಮುದುರಿಕೊಂಡ.

ಮರುದಿನ ಅವನು ಐದೂರಿನವರನ್ನೂ ಯಾರ ಊರೂ ಅಲ್ಲದ ಈ ಗುಡ್ಡಕ್ಕೆ ಕರೆಸಿದ. ಗಂಡಸರು ಅಲ್ಲಿಯೂ ಮುತ್ತಾತಂದಿರನ್ನು ಎಳೆತಂದರು. ನೆಲಗುಮ್ಮಿಯ ಗಾದ್ರಮ್ಮನೆಂಬ ಮುದುಕಿಗೆ ರೇಗಿತು. "ಏ ಮೀಸೆಗಳಿರಾ, ಕಾಳು ತುಂಬಿದೋರು ನಾವು. ನಿಮ್ಮ ಮುತ್ತಾತ ತೋಳು ಬಗ್ಗಿಸಿದ್ದನೇನ್ರೋ?" ಎಂದು ಗದರಿ, ಊರಿಗೊಬ್ಬ ಹೆಂಗಸನ್ನು ಮುಂದೆ ಕರೆದಳು. ಪಾತ್ರೆಯಿಲ್ಲದೆ, ಬರಿ ಕೈಯಂದಾಜಿನಲ್ಲಿ ನಮ್ಮ ಹಳೇ ಕೊಳಗದಷ್ಟು ರಾಗಿ ಸುರಿಯಿರಿ ಎಂದಳು. ಕಂಬಳಿಯ ಮೇಲೆ ಐದು ಗುಪ್ಪೆ ಎದ್ದವು, ಒಂದಕ್ಕೊಂದು ತಾಳೆಯಿಲ್ಲ. ಗಂಡಸರು ನಕ್ಕರು. "ನಗಬ್ಯಾಡ್ರಿ. ಈಗ ಠಾಣೇದಾರಂದು ಸುರೀರಿ" ಎಂದಳು. ಹೆಂಗಸರು ಯೋಚಿಸಲೂ ಇಲ್ಲ. ತೋಳು ತಾನಾಗಿ ಬಗ್ಗಿ ತಾನಾಗಿ ನಿಂತಿತು. ಐದು ಗುಪ್ಪೆಯೂ ಒಂದೇ ತಾಯಿಯ ಮಕ್ಕಳ ಹಾಗೆ ಸಮನಾಗಿ ಕೂತವು.

ಆಮೇಲೆ ಯಾರೂ ನಗಲಿಲ್ಲ. ಸುರಿದ ಹೆಂಗಸರು ಕೈಗೆ ಹೇಸಿಗೆ ಮೆತ್ತಿದವರಂತೆ ಸೆರಗಿಗೆ ಒರೆಸಿಕೊಂಡರು. ಐದೂರಿಗೆಲ್ಲ ಕೂಡಿ ನೆನಪಿದ್ದುದು ತಮ್ಮನ್ನು ಸುಲಿದವನ ಅಳತೆಯೊಂದೇ ಎಂಬುದು ಅಲ್ಲಿ ಬಯಲಲ್ಲಿ, ಬಿಸಿಲಲ್ಲಿ, ಗುಪ್ಪೆಗಟ್ಟಿ ಬಿದ್ದಿತ್ತು. ಕಾಟಪ್ಪ ಪಾಲಯ್ಯನ ಕಡೆ ನೋಡಲಾರದೆ ನೆಲ ನೋಡಿದ. ಪಾಲಯ್ಯ ಉಳಿ ಸುತ್ತಿಗೆ ತರಿಸಿ ಬಂಡೆಯ ಮುಂದೆ ತಾನೇ ಕೂತ. ಕಡೆದು ಕಡೆದು ಅಂಗೈ ಒಡೆದರೂ ಬೇರೆಯವರ ಕೈಗೆ ಉಳಿ ಕೊಡಲಿಲ್ಲ ಎನ್ನುತ್ತಾರೆ. ಗುಳಿ ಸಿದ್ಧವಾಗಿ, ಠಾಣೇದಾರನ ಗುಪ್ಪೆ ಅದರಲ್ಲಿ ಕಂಠಮಟ್ಟಕ್ಕೆ ಕೂತ ಮೇಲೆ ಬೋರಕ್ಕನ ಚೀಲಕ್ಕೆ ಮೊದಲ ಬೀಜ ಅಳೆದರು. ಹದ ಆರುವ ಮೊದಲು ನೆಲಗುಮ್ಮಿಯಲ್ಲಿ ಬಿತ್ತನೆಯಾಯಿತು. ಊರಿನವರು ಇದನ್ನು ಪಾಲಯ್ಯನ ಕೊಳಗ ಎನ್ನೋಣವೆಂದಾಗ ಅವನು ಕೈಮುಗಿದ. "ಬ್ಯಾಡ್ರಪ್ಪ. ಇದು ಯಾರದೋ ಅವನ ಹೆಸರೇ ಇರಲಿ. ನನ್ನ ಹೆಸರಿಟ್ಟು ಮರೀಬ್ಯಾಡ್ರಿ" ಎಂದ. ಆಮೇಲೆ ಅವನು ಯಾವ ಪಂಚಾಯಿತಿಯಲ್ಲೂ ಕಟ್ಟೆಯ ಮೇಲೆ ಕೂರಲಿಲ್ಲವಂತೆ.

ಈಗ ತಕ್ಕಡಿ ಬಂದು, ಕಿಲೋ ಬಂದು, ಕೊಳಗದಲ್ಲಿ ಅಳೆಯುವವರಿಲ್ಲ. ಆದರೂ ಗುಡ್ಡ ಹತ್ತಿದವರು ಬಗ್ಗಿ ಗುಳಿಯೊಳಗೆ ಕೈಯಿಟ್ಟರೆ ಒಳಮೈಯಲ್ಲಿ ಒಂದರ ಕೆಳಗೊಂದು ಐದು ಗೆರೆ ಬೆರಳಿಗೆ ಸಿಗುತ್ತವೆ. ಐದೂರಿನ ಐದು ಹಳೇ ಅಳತೆಗಳನ್ನೂ ಪಾಲಯ್ಯ ಅಲ್ಲಿ ಗುರುತಿಸಿಟ್ಟಿದ್ದನಂತೆ. ಇವುಗಳಲ್ಲಿ ಒಂದನ್ನು ಎಲ್ಲರೂ ಒಪ್ಪಿದ ದಿನ ಆ ಗೆರೆಗೇ ತುಂಬಿ, ಆ ದಿನ ಬರುವವರೆಗೆ ಕಂಠಮಟ್ಟ ತುಂಬಿ ಎಂದಿದ್ದನಂತೆ. ಗುಳಿಯ ಕಂಠ ಕಾಳು ಸವರಿ ಸವರಿ ಕನ್ನಡಿಯಂತೆ ನುಣುಪಾಗಿದೆ. ಒಳಗಿನ ಗೆರೆಗಳು ನಿನ್ನೆ ಕಡೆದಷ್ಟು ಹರಿತವಾಗಿವೆ; ಬೆರಳಾಡಿಸಿದರೆ ಚರ್ಮ ಕೀಳುತ್ತವೆ.