ಪಾದ ಮುಚ್ಚಿಕೊಂಡ ಹಗ್ಗದಜ್ಜನವರು

ಮುದೇನಕೊಪ್ಪದ ಹಾಳುಬಿದ್ದ ಅಗಸಿಬಾಗಿಲ ಕಟ್ಟೆಯೇ ಪೂಜ್ಯ ಚರಲಿಂಗಯ್ಯನವರ ಮಠ. ಪುಂಡಿನಾರು ಹೊಸೆದು ಹಗ್ಗ ಮಾಡುವುದು ಅವರ ಕಾಯಕ. ಹಾಗಾಗಿ ಊರವರ ಬಾಯಲ್ಲಿ ಅವರು ಹಗ್ಗದಜ್ಜನವರು. ಯಾರಾದರೂ ಅವರಿಗೆ ಪಲ್ಲಕ್ಕಿ, ಕಿರೀಟದ ಮರ್ಯಾದೆ ಮಾಡುತ್ತೇವೆಂದರೆ ನಕ್ಕು ನಾರು ಹೊಸೆಯುತ್ತಿದ್ದರು.

ಅವರಿಂದ ಲಿಂಗದೀಕ್ಷೆ ಪಡೆದವನು ಗಾಣದ ಅಡಿವೆಪ್ಪ. ಅವನು ತನ್ನ ಎತ್ತುಗಳಿಗೆ ಮೇವು ಬೆಳೆಯುತ್ತಿದ್ದ ತುಂಡು ಹೊಲವನ್ನು ಪಕ್ಕದ ಹೊಲದ ದುಂಡಪ್ಪ ಒಂದು ದಿನ ತನ್ನದೆಂದುಬಿಟ್ಟ. ಆ ನೆಲ ಹೋದರೆ ಎತ್ತು ಮಾರಬೇಕು, ಎತ್ತು ಮಾರಿದರೆ ಗಾಣ ನಿಂತಂತೆಯೇ. ಕಾಗದಪತ್ರ ಇಬ್ಬರ ಬಳಿಯೂ ಇರಲಿಲ್ಲ. ಇಂಥ ವ್ಯಾಜ್ಯಕ್ಕೆ ಊರಲ್ಲಿ ಒಂದೇ ದಾರಿ. ಉಳುತ್ತಿರುವವನು ದ್ಯಾಮವ್ವನ ಗುಡಿಯಲ್ಲಿ ಭಂಡಾರದ ಅರಿಸಿನ ಮುಟ್ಟಿ ಆಣೆ ಮಾಡಬೇಕು. ಮಾಡಿದರೆ ನೆಲ ಅವನದು, ಹಿಂಜರಿದರೆ ಎದುರಾಳಿಯದು.

ಅಡಿವೆಪ್ಪ ಒಲ್ಲೆನೆಂದ. ಲಿಂಗ ಕಟ್ಟಿದ ಮೇಲೆ ಬೇರೆ ದೈವದ ಮುಂದೆ ಕೈಚಾಚುವುದಿಲ್ಲವೆಂದು ಗುರುಗಳಿಗೆ ಮಾತು ಕೊಟ್ಟಿದ್ದ. ಬೆರಳ ತುದಿಯಷ್ಟೇ ತಾಗಿಸಿ ಬಾ, ಮನಸ್ಸು ಲಿಂಗದ ಮೇಲೇ ಇರಲಿ ಎಂದು ಹೆಂಡತಿ ಗೋಗರೆದಳು. ಪುಣ್ಯಾತ್ಮ ಜಗ್ಗಲಿಲ್ಲ. ಒಳಗೊಳಗೇ ಸ್ವಲ್ಪ ಬೀಗಿದ್ದನೆಂದರೂ ತಪ್ಪಲ್ಲ.

ಊರ ಗೌಡರು ಒಳ್ಳೆಯವರು, ಅವನ ಸಂಕಟ ನೋಡಲಾರದೆ ಒಂದು ಉಪಾಯ ಹೇಳಿದರು. ಭಂಡಾರ ಬೇಡವಾದರೆ ನಿನ್ನ ಗುರುವಿನ ಪಾದ ಮುಟ್ಟಿ ಹೇಳು, ನ್ಯಾಯ ಹೇಳುವ ಪಂಚರು ಒಪ್ಪುತ್ತಾರೆ ಎಂದರು. ಅಡಿವೆಪ್ಪನ ಮುಖ ಇಷ್ಟಗಲವಾಯಿತು. ಹೊಲವೂ ಉಳಿಯಿತು, ನಿಷ್ಠೆಯೂ ಉಳಿಯಿತು! ಗೌಡರನ್ನೂ ಪಂಚರನ್ನೂ ದುಂಡಪ್ಪನನ್ನೂ ಕರೆದುಕೊಂಡೇ ಅಗಸಿಗೆ ಬಂದ.

ಅಜ್ಜನವರು ಕಾಲ್ಬೆರಳಿಗೆ ನಾರು ಸಿಕ್ಕಿಸಿಕೊಂಡು ಹೊಸೆಯುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ಅಡಿವೆಪ್ಪ ಬಾಗಿ ಕೈಚಾಚಿದಾಗ ನಾರು ಬಿಡಿಸಿ, ಎರಡೂ ಪಾದಗಳನ್ನು ಮಡಚಿ ಧೋತರದೊಳಗೆ ಮುಚ್ಚಿಕೊಂಡರು.

"ಅಲ್ಲಿ ಅರಿಷಿಣ ಬ್ಯಾಡಂದಿ, ಇಲ್ಲಿ ಈ ಕಾಲು ಬೇಕಾತೇನು? ಬರೇ ನಿನ್ನ ಮಾತು ಶಿವಗ ಕೇಳಸೂದಿಲ್ಲೇನಪಾ?"

ಅಡಿವೆಪ್ಪ ಬಾಗಿದಲ್ಲಿಂದಲೇ ತಲೆಯೆತ್ತಿದ. "ಅಜ್ಜಾರ, ನೀವಂದ್ರ ನಮಗ ದೇವರ ಅಲ್ಲೇನ್ರಿ?"

"ಅದಕ್ಕ ಮುಚ್ಚಿಕೊಂಡೆ."

ಅಷ್ಟೇ. ಅಜ್ಜನವರು ಮತ್ತೆ ನಾರು ಕೈಗೆತ್ತಿಕೊಂಡರು.

ಅಡಿವೆಪ್ಪ ಚಾಚಿದ ಕೈಯನ್ನು ಹಿಂದೆಳೆದುಕೊಂಡ. ಬಳಿಕ ಎದ್ದು ಪಂಚರ ಕಡೆ ತಿರುಗಿ, ಹೊಲ ನನ್ನದು, ಶಿವನಿಗೆ ಕೇಳಿಸಿದೆ, ಇನ್ನು ಏನನ್ನೂ ಮುಟ್ಟುವುದಿಲ್ಲ ಎಂದ. ಗೌಡರು ನಿಟ್ಟುಸಿರುಬಿಟ್ಟು, ಕಟ್ಟಳೆಯಂತೆ ಹೊಲ ದುಂಡಪ್ಪನದೆಂದು ತೀರ್ಪು ಕೊಟ್ಟರು.

ಮರುದಿನ ಬೆಳಿಗ್ಗೆ ಅಡಿವೆಪ್ಪ ಇದ್ದ ಮೇವನ್ನಾದರೂ ಕೊಯ್ದುಕೊಳ್ಳೋಣವೆಂದು ಹೊರಟ. ಹೊಲ ಹೋದ ನೋವಿತ್ತು, ಸುಳ್ಳೇಕೆ? ಆದರೆ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಹೊಲದಲ್ಲಿ ದುಂಡಪ್ಪ ಗಡಿಗಲ್ಲನ್ನು ಆಚೆಗೆ ಸರಿಸಲೆಂದು ಕಿತ್ತು, ಒಬ್ಬನೇ ಎತ್ತಲಾರದೆ ಏದುಸಿರು ಬಿಡುತ್ತಿದ್ದ. ಅಡಿವೆಪ್ಪನನ್ನು ಕಂಡೊಡನೆ ಜಗಳಕ್ಕೆ ಬಂದನೆಂದೇ ಸೆಟೆದು ನಿಂತ. ಅಡಿವೆಪ್ಪ ಕುಡುಗೋಲು ಕೆಳಗಿಟ್ಟು, ಕಲ್ಲಿನ ಇನ್ನೊಂದು ತುದಿ ಹಿಡಿದ.

"ಎಲ್ಲಿ ಇಡೂಣು, ತೋರಿಸಪಾ."

ದುಂಡಪ್ಪ ತೋರಿಸಲಿಲ್ಲ. ಕಿತ್ತ ಗುಂಡಿಯಲ್ಲೇ ಕಲ್ಲನ್ನು ಇಳಿಸಿದ, ಕೈಯಿಂದ ಮಣ್ಣೆಳೆದು ಮುಚ್ಚಿದ. ತಲೆ ಎತ್ತದೆ ಅಂದ:

"ಆಣಿ ಯಾಕ ಬೇಕಿತ್ತು ಅಡಿವೆಪ್ಪಾ? ಹೊಲ ನಿಂದಂತ ನನಗ ಗೊತ್ತಿತ್ತಲ್ಲ."