ಬೆಳವಣಿಗೆಯ ಕೋಲು

ಬೊಮ್ಮಣ್ಣ ನಾಯಕ ನೆಲ್ಲಿಗುಡ್ಡದ ಪಟ್ಟಕ್ಕೆ ಬಂದ ಹನ್ನೊಂದನೆಯ ವರ್ಷ, ಮಾಘ ಮಾಸದ ಕೃಷ್ಣಪಕ್ಷದಲ್ಲಿ ಇದು ನಡೆಯಿತು.

ಸಭೆಯಲ್ಲಿ ಕುಳಿತ ನಾಯಕ ಮೀಸೆ ತಿರುವುತ್ತ, "ನನ್ನ ಆಳ್ವಿಕೆಯಲ್ಲಿ ಬೆಳೆಯದ್ದು ಯಾವುದೂ ಇಲ್ಲ," ಎಂದ.

ಯಾರೂ ಎದುರಾಡಲಿಲ್ಲ. ತಪ್ಪಾದದ್ದು ಅಲ್ಲೇ. ಉತ್ಸಾಹಗೊಂಡ ನಾಯಕ ಬಡಗಿಯನ್ನು ಕರೆಸಿ ಆಳೆತ್ತರದ ಕೋಲು ಮಾಡಿಸಿದ. ಗೇಣಿಗೊಂದು ದೊಡ್ಡ ಗೀರು, ಗೇಣಿನೊಳಗೆ ಅಂಗುಲಕ್ಕೊಂದರಂತೆ ಹನ್ನೆರಡು ಸಣ್ಣ ಗೀರು.

"ಎಲ್ಲ ಶಾಸ್ತ್ರದವರೂ ಇದರಲ್ಲೇ ಅಳೆಸಬೇಕು. ಹೋದ ವರ್ಷಕ್ಕಿಂತ ಒಂದು ಗೇಣಾದರೂ ಬೆಳೆದಿರಬೇಕು. ಬೆಳೆಯದವನಿಗೆ ಆಸ್ಥಾನದಲ್ಲಿ ಜಾಗವಿಲ್ಲ."

ಅಳೆದು ವರದಿ ಬರೆಯುವ ಕೆಲಸ ಆಸ್ಥಾನದ ಬರಹಗಾರ ಸಂಪಗಯ್ಯನ ಪಾಲಿಗೆ ಬಂತು. ಅವನು ಕೋಲನ್ನು ಒಮ್ಮೆ ತಿರುಗಿಸಿ ನೋಡಿದ.

ತೋಟದ ಪಂಡಿತ ಬಿದಿರಿನ ಮೆಳೆ ತೋರಿಸಿದ. ಒಂಬತ್ತು ಗೇಣು. ನಾಯಕ ತಲೆದೂಗಿದ.

ಗಣಿತದ ಪಂಡಿತ ಒಂದು ಸಂಖ್ಯೆ ಬರೆದು ತಂದಿದ್ದ. ಹೋದ ವರ್ಷದ ಸಂಖ್ಯೆ ಒಂದು ಓಲೆಯಲ್ಲಿ ಮುಗಿದಿತ್ತು. ಈ ವರ್ಷದ್ದು ಮೂರು ಓಲೆ ಹಿಡಿದಿತ್ತು.

"ಇದರಿಂದ ಏನು ಉಪಯೋಗ?" ಎಂದ ನಾಯಕ.

"ಕೋಲಿನಲ್ಲಿ ಉಪಯೋಗದ ಗೀರು ಇಲ್ಲವಲ್ಲ ಪ್ರಭು. ಉದ್ದ ಇದೆ," ಎಂದ ಪಂಡಿತ.

ಚರಿತ್ರೆ ಬರೆಯುವವನು ನಾಯಕನ ಬಿರುದುಗಳ ಪಟ್ಟಿ ಬಿಚ್ಚಿದ. ಎರಡು ಗೇಣು ಬೆಳೆದಿತ್ತು. ಅದನ್ನು ನಾಯಕ ಎರಡು ಸಲ ಅಳೆಸಿದ.

ಜ್ಯೋತಿಷಿ ಮಾತ್ರ ಕೈ ಕೈ ಹಿಸುಕಿಕೊಳ್ಳುತ್ತ ನಿಂತ. "ಚಂದ್ರ ಈಗ ಕ್ಷೀಣಿಸುತ್ತಿದ್ದಾನೆ ಪ್ರಭು."

"ಹಾಗಾದರೆ ಶುಕ್ಲಪಕ್ಷದಲ್ಲಿ ಬಂದು ಅಳೆಸು," ಎಂದ ನಾಯಕ.

ಕೊನೆಗೆ ವೈದ್ಯ ಗುರುಪಾದಯ್ಯನ ಸರದಿ. ವೈದ್ಯಶಾಲೆಯಲ್ಲಿ ಏನನ್ನು ಅಳೆಯುವುದು? ಬಾಗಿಲ ಮುಂದೆ ನಿಂತ ರೋಗಿಗಳ ಸಾಲನ್ನೇ ಅಳೆಯಿರಿ ಎಂದು ನಾಯಕ ತೀರ್ಮಾನಿಸಿದ. ಹೋದ ವರ್ಷ ಸಾಲು ಹುಣಸೆಮರದವರೆಗೆ ಇತ್ತು. ಈಗ ಹೊಸ್ತಿಲಲ್ಲೇ ಮುಗಿದಿತ್ತು.

"ಕುಗ್ಗಿದೆ," ಎಂದ ನಾಯಕ.

"ಹೋದ ವರ್ಷ ಊರಲ್ಲಿ ಭೇದಿ ಹಬ್ಬಿತ್ತು ಪ್ರಭು. ಬಾವಿಗೆ ಕಟ್ಟೆ ಕಟ್ಟಿಸಿದೆ. ನೀರು ಕಾಯಿಸಿ ಕುಡಿಯಿರೆಂದು ಮನೆಮನೆಗೆ ಹೋಗಿ ಹೇಳಿದೆ. ಬರುವವರು ಕಡಿಮೆಯಾದರು."

"ಕಾರಣ ಕೇಳಲಿಲ್ಲ. ಎಂಟು ದಿನದಲ್ಲಿ ವೈದ್ಯಶಾಲೆ ಬಿಡು."

ಗುರುಪಾದಯ್ಯನಿಗೆ ಅರವತ್ತು ದಾಟಿತ್ತು. ಇಪ್ಪತ್ತು ವರ್ಷ ಬೆಳೆಸಿದ ಔಷಧಿಯ ತೋಟ ಹಿತ್ತಲಲ್ಲಿತ್ತು. ಗಿಡಗಳನ್ನು ಕಿತ್ತು ಎಲ್ಲಿಗೆ ಒಯ್ಯುವುದೆಂದು ತಿಳಿಯದೆ ಅವನು ಸಂಪಗಯ್ಯನ ಮನೆಗೆ ಬಂದ.

"ನೀವೊಂದು ಮಾತು ಹೇಳಬಾರದೇ?"

"ನಾಳೆ ನಾಡಿದ್ದು ಏನಾದರೂ ಆದೀತು ಪಂಡಿತರೇ. ಗಿಡ ಕೀಳಬೇಡಿ," ಎಂದ ಸಂಪಗಯ್ಯ.

ಆದದ್ದು ನಾಲ್ಕನೆಯ ದಿನ. ನಾಯಕನಿಗೆ ಕುರು ಎದ್ದಿತು, ಅದೂ ಸರಿಯಾಗಿ ಸಿಂಹಾಸನಕ್ಕೆ ತಾಗುವ ಜಾಗದಲ್ಲಿ. ಒಂದು ದಿನ ವಾಲಿಕೊಂಡು ಕುಳಿತ. ಮರುದಿನ ಅದೂ ಆಗಲಿಲ್ಲ. ಮಂಚದ ಮೇಲೆ ಬೋರಲು ಮಲಗಿ ವೈದ್ಯನಿಗೆ ಹೇಳಿಕಳಿಸಿದ.

ಗುರುಪಾದಯ್ಯ ಔಷಧಿ ಪೆಟ್ಟಿಗೆ ಹಿಡಿದು ಓಡಿ ಬಂದ. ಹಿಂದೆಯೇ ಸಂಪಗಯ್ಯ, ಕೋಲು ಹಿಡಿದುಕೊಂಡು.

"ನೀನ್ಯಾಕೆ ಬಂದೆಯಯ್ಯಾ?" ಎಂದ ನಾಯಕ, ದಿಂಬಿನೊಳಗಿಂದಲೇ.

"ಅಳೆಯಲು ಪ್ರಭು. ಪಂಡಿತರೇ, ಪೆಟ್ಟಿಗೆ ತೆಗೆಯಬೇಡಿ. ಮೊದಲು ಅಳತೆ." ಸಂಪಗಯ್ಯ ಬಗ್ಗಿ ಕೋಲು ಹಿಡಿದ. "ನಿನ್ನೆ ಎಷ್ಟಿತ್ತು ಪ್ರಭು?"

"ಅರ್ಧ ಅಂಗುಲ ಇದ್ದೀತು."

"ಇವತ್ತು ಒಂದು. ದಿನಕ್ಕೆ ಎರಡರಷ್ಟು. ನಾಳೆ ಎರಡು, ನಾಡಿದ್ದು ನಾಲ್ಕು, ಆಚೆ ನಾಡಿದ್ದು ಎಂಟು. ಇನ್ನು ನಾಲ್ಕು ದಿನಕ್ಕೆ ಒಂದು ಗೇಣು ದಾಟುತ್ತದೆ. ಪಂಡಿತರೇ, ನಿಮ್ಮ ಕೆಲಸ ಉಳಿಯಿತು. ವೈದ್ಯಶಾಸ್ತ್ರ ಬೆಳೆಯುತ್ತಿದೆ."

ನಾಯಕ ಕತ್ತು ಹೊರಳಿಸಿ ನೋಡಿದ. "ಏನು ಹೇಳುತ್ತಿದ್ದೀಯ? ಇದನ್ನು ಕುಗ್ಗಿಸಬೇಕು."

"ಕುಗ್ಗಿಸಿದರೆ ಪಂಡಿತರು ವೈದ್ಯಶಾಲೆ ಬಿಡಬೇಕಾಗುತ್ತದೆ ಪ್ರಭು. ತಮ್ಮದೇ ಅಪ್ಪಣೆ."

"ಅಪ್ಪಣೆ ಆಮೇಲೆ ನೋಡೋಣ. ಗುರುಪಾದಯ್ಯ, ಏನಾದರೂ ಮಾಡು."

ವೈದ್ಯನ ಕೈ ಪೆಟ್ಟಿಗೆಯ ಕಡೆ ಹೋಯಿತು. ಸಂಪಗಯ್ಯ ಪೆಟ್ಟಿಗೆಯ ಮೇಲೆ ಕೋಲನ್ನು ಅಡ್ಡ ಇಟ್ಟ.

"ವರದಿಯಲ್ಲಿ ಏನೆಂದು ಬರೆಯಲಿ? ಬಿದಿರು ಬೆಳೆಯಿತು, ಲೇಸು. ಬಿರುದು ಬೆಳೆಯಿತು, ಲೇಸು. ಕುರು ಬೆಳೆಯುತ್ತಿತ್ತು, ಪ್ರಭುಗಳೇ ತಡೆದರು ಎಂದು ಬರೆಯಲೇ?"

"ಬಿದಿರು ಬೇರೆ, ಕುರು ಬೇರೆ ಕಣಯ್ಯಾ," ಎಂದು ನಾಯಕ ಹಲ್ಲು ಕಚ್ಚಿ ಹೇಳಿದ. "ಬಿದಿರು ಬೆಳೆದರೆ ಒಳ್ಳೆಯದು. ಇದು ಬೆಳೆದರೆ ನಾನು ಸಾಯುತ್ತೇನೆ. ಎರಡಕ್ಕೂ ಒಂದೇ ಅಳತೆ ಹಿಡಿಯಲು ನಿನಗೆ ಬುದ್ಧಿ ಇದೆಯೇ?"

ಸಂಪಗಯ್ಯ ಸೊಂಟದಿಂದ ಓಲೆ, ಬರೆಯುವ ಕಂಟ ತೆಗೆದ.

"ಸ್ವಲ್ಪ ನಿಧಾನವಾಗಿ ಹೇಳಿ ಪ್ರಭು. ಕೋಲು ಮಾಡಿಸಿದವರಿಗೆ ಓದಿ ಹೇಳಬೇಕು."

ಮಂಚ ಅಲುಗಿತು. ನಾಯಕ ನಗುತ್ತಿದ್ದ. ನಕ್ಕರೆ ನೋವು, ನೋವಾದರೆ ನರಳಿಕೆ, ನರಳಿದ ಮೇಲೆ ಮತ್ತೆ ನಗು.

"ಸಾಕು ಮಾರಾಯ. ಗುರುಪಾದಯ್ಯ ಎಲ್ಲಿಗೂ ಹೋಗುವುದು ಬೇಡ. ಒಂದೊಂದು ಶಾಸ್ತ್ರಕ್ಕೆ ಏನು ಬೆಳೆಯಬೇಕು, ಏನು ಕುಗ್ಗಬೇಕು ಎಂದು ಆಯಾ ಶಾಸ್ತ್ರದವರೇ ಹೇಳಲಿ. ನಿನಗೆ ಒಂದು ಜರಿ ಶಾಲು. ಈಗ ಆ ಕೋಲು ತೆಗಿ."

ಸಂಪಗಯ್ಯ ಕೋಲು ತೆಗೆದ. ಗುರುಪಾದಯ್ಯ ಪೆಟ್ಟಿಗೆ ತೆರೆದ. ಕುರು ಒಡೆದು ಕೀವು ತೆಗೆದು, ಹಿತ್ತಲಿನ ಸೊಪ್ಪು ಅರೆದು ಕಟ್ಟಿದ.

ಅದಾದ ಆರನೆಯ ದಿನ ನಾಯಕ ಸಿಂಹಾಸನದ ಮೇಲೆ ನೆಟ್ಟಗೆ ಕುಳಿತ. ವೈದ್ಯಶಾಲೆಯ ಹೆಸರಿನ ಮುಂದೆ ಸಂಪಗಯ್ಯ ಆ ವರ್ಷದ ಅಳತೆ ಬರೆದ: ಕುರು, ಸೊನ್ನೆ ಅಂಗುಲ.