ಮಂಡಕ್ಕಿ ಹುರಿಯುವವನ ಉಸಿರು

"ಗುರುಗಳೇ, ನಡುಹಗಲು ಕಾದ ಬಂಡೆಯ ಮೇಲೆ ಕುಳಿತು ಜಪ ಮಾಡುತ್ತೇನೆ. ಈಚೆಗೆ ಕೆಮ್ಮು ಹತ್ತಿದೆ, ಉಸಿರು ಸಾಲುತ್ತಿಲ್ಲ. ಹಾಗೆಂದು ನೆರಳಿಗೆ ಸರಿದರೆ ಸೋತಂತಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದೂರಿನಲ್ಲಿ ಮಂಡಕ್ಕಿ ಹುರಿಯುವವನೊಬ್ಬನಿದ್ದ. ಆ ಊರಿನ ಭಟ್ಟಿಗಳಿಗೆ ಕಿಟಕಿಯಿರಲಿಲ್ಲ. ಗಾಳಿ ಹೊಕ್ಕರೆ ಬಾಣಲೆಯ ಮರಳು ತಣಿಯುತ್ತದೆ, ಅಕ್ಕಿ ಅರಳುವುದಿಲ್ಲ ಎಂಬುದು ಅಜ್ಜಂದಿರ ಕಾಲದ ನಂಬಿಕೆ. ಉರುವಲಿನ ಹೊಟ್ಟು ಮುಗಿಯುವ ಮೊದಲು ಒಲೆ ಬಿಟ್ಟು ಎದ್ದವನನ್ನು ಕಂಡರೆ ಕೇರಿಯೇ ನಗುತ್ತಿತ್ತು. ನಮ್ಮವನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಎದ್ದವನಲ್ಲ. ಅದೇ ಅವನ ಹೆಮ್ಮೆ. ಹೆಮ್ಮೆಗೇನು, ಅದಕ್ಕೆ ಉಸಿರಾಡಬೇಕಾಗಿಲ್ಲವಲ್ಲ!

ಅವನು ಕೇರಿಯ ಈ ತುದಿಯಲ್ಲಿ "ಮಂಡಕ್ಕೀ" ಎಂದು ಕೂಗಿದರೆ ಆ ತುದಿಯ ಮನೆಯವರು ಮೊರ ಹಿಡಿದು ಬರುತ್ತಿದ್ದರು. ಒಂದು ವೈಶಾಖದಲ್ಲಿ ಆ ಕೂಗು ಮೂರನೇ ಮನೆಗೂ ಮುಟ್ಟದಾಯಿತು. ಎದೆಯುರಿ, ಒಣಕೆಮ್ಮು. ಧೂಳಿನದೆಂದು ಬೆಲ್ಲ ತಿಂದ, ಹಠ ಬಿಡಲಿಲ್ಲ. ಕೊನೆಗೊಂದು ಮಧ್ಯಾಹ್ನ ಉಸಿರು ಸಿಕ್ಕದೆ ಒಲೆಯ ಮುಂದೆಯೇ ಒರಗಿದ. ಹೆಂಡತಿ ತೋಳು ಹಿಡಿದು ಹೊರಗೆಳೆದಳು. ಅವನಿಗೆ ಸಾಯುವ ಭಯವಾಗಿತ್ತು. ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ಈ ಬೆಂಕಿ ನನಗೆ ಹೊಸದೇನೇ? ಮೈ ಪಳಗೈತೆ" ಎಂದ.

"ಅಂಗೈ ಜಡ್ಡುಗಟ್ಟೈತೆ, ಹೌದು. ಎದೆಯೊಳಗಿನ ಪುಪ್ಪುಸನೂ ಜಡ್ಡುಗಟ್ಟುತ್ತೇನ್ರಿ? ಮೈ ಕಾದಷ್ಟೂ ಏದುಸಿರು ಬಿಡ್ತೀರಿ. ಏದುಸಿರು ಬಿಟ್ಟಷ್ಟೂ ಅದೇ ಕಾದ ಗಾಳಿ, ಅದೇ ಹೊಗೆ ಒಳಗೆ ಹೋಗ್ತೈತೆ" ಎಂದಳು ಅವಳು.

ಅಷ್ಟು ಹೇಳಿ ಏಣಿ ಹತ್ತಿ, ಒಲೆಯ ನೆತ್ತಿಯ ಮೇಲಿನ ನಾಲ್ಕು ಸಾಲು ಹೆಂಚು ತೆಗೆದಳು. ಗೋಡೆಗೆ ಕಿಂಡಿ ಕೊರೆದಳು. ಕೋಳಿ ಕೂಗುವಾಗ ಬೆಂಕಿ ಹಚ್ಚಬೇಕು, ಬಿಸಿಲೇರುವ ಮೊದಲು ಆರಿಸಬೇಕು ಎಂದು ಕಟ್ಟಳೆ ಮಾಡಿದಳು. ಕೇರಿ ಬಿದ್ದು ಬಿದ್ದು ನಕ್ಕಿತು. ಮೊದಲ ದಿನ ಅವನು ಕಿಂಡಿಯತ್ತ ನೋಡುತ್ತಲೇ ಅಕ್ಕಿ ಸುರಿದ. ಮಂಡಕ್ಕಿ ಎಂದಿನಂತೆಯೇ ಬಾಣಲೆ ತುಂಬಿ ಉಕ್ಕಿತು.

ಉಸಿರು ಮಾತ್ರ ಒಂದೇ ದಿನಕ್ಕೆ ಮರಳಲಿಲ್ಲ. ಮಳೆ ಕಳೆಯಿತು, ಚಳಿ ಕಳೆಯಿತು. ಮರುವೈಶಾಖದಲ್ಲಿ ಅವನು ಮೂಟೆ ಹೊತ್ತು ಕೇರಿಯ ತುದಿಯಲ್ಲಿ ನಿಂತು ಕೂಗಿದ. ಆ ತುದಿಯಿಂದ ಮೊರಗಳು ಬಂದವು! ಮೂಟೆ ಬರಿದಾದ ಮೇಲೂ ಸಂತೋಷ ತಡೆಯಲಾರದೆ ಇನ್ನೊಮ್ಮೆ ಕೂಗಿದ. ಅಷ್ಟರಲ್ಲಿ ನಕ್ಕವರೆಲ್ಲ ತಂತಮ್ಮ ಭಟ್ಟಿಯ ಮಾಡು ಹತ್ತಿ ಹೆಂಚು ಕೀಳುತ್ತಿದ್ದರು.

ಗುರು ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

"ಅವನ ಬೆಂಕಿಯಲ್ಲಿ ಅಕ್ಕಿಯಾದರೂ ಅರಳುತ್ತಿತ್ತು, ನಿನ್ನ ಬಂಡೆಯ ಮೇಲೆ ಏನು ಅರಳುತ್ತಿದೆ, ಮಗು?"